ಬೆಟ್ಟದ ತಂಪು, ಬೆಟ್ಟದ ನೀರು

ಕೋಲಾರದ ನನ್ನ ಮಿತ್ರರೊಬ್ಬರು ಇನ್ನೇನು ನಿವೃತ್ತರಾಗಲಿದ್ದಾರೆ. ಬೇಸಿಗೆಯ ಮೂರು ತಿಂಗಳು ಕಳೆಯಲು ಬೆಟ್ಟದ ಮೇಲೊಂದು ಪುಟ್ಟ ಮನೆ ಕಟ್ಟಿಸಬೇಕೆಂಬುದು ಅವರ ಬಹುದಿನದ ಆಸೆ. "ನೀವು ವಿಜ್ಞಾನ ಓದಿದವರು, ಯಾವ ಬೆಟ್ಟ ಸರಿ ಹೇಳಿ" ಎಂದರು. ಪಿ.ಯು.ಸಿ. ಓದುತ್ತಿರುವ ಅವರ ಮಗಳು ಪಕ್ಕದಲ್ಲೇ ಇದ್ದಳು. "ಬೆಟ್ಟ ಹತ್ತಿದಷ್ಟೂ ಸೂರ್ಯನಿಗೆ ಹತ್ತಿರವಾಗುತ್ತೇವಲ್ಲ ಅಂಕಲ್, ಸೆಕೆ ಹೆಚ್ಚಬೇಕಲ್ಲವೆ?" ಎಂದಳು. ವಿದ್ಯಾರ್ಥಿ ಮಿತ್ರರೇ, ಮಗಳ ಪ್ರಶ್ನೆಯನ್ನು ಬಿಡಿಸಿದರೆ ತಂದೆಯ ಪ್ರಶ್ನೆಗೂ ದಾರಿ ಸಿಗುತ್ತದೆ.

ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಒಂದು ಕಿಲೋಮೀಟರ್ ಮೇಲೇರಿದರೆ ಆ ದೂರದಲ್ಲಿ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸವಾಗುವುದಿಲ್ಲ. ಮೇಲಾಗಿ, ಬಿಸಿಲಿನ ಬಹುಭಾಗ ಗಾಳಿಯನ್ನು ಹಾದುಹೋಗಿ ನೆಲವನ್ನು ಕಾಯಿಸುತ್ತದೆ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಹೀಗೆ ಬಿಸಿಯಾದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಆದ್ದರಿಂದ ಅದು ಹಿಗ್ಗುತ್ತದೆ, ಹಿಗ್ಗುವ ಕೆಲಸಕ್ಕೆ ತನ್ನದೇ ಶಾಖವನ್ನು ವೆಚ್ಚಮಾಡಿ ತಣ್ಣಗಾಗುತ್ತದೆ. ಗಟ್ಟಿಯಾಗಿ ಗಾಳಿ ತುಂಬಿದ ಸೈಕಲ್ ಟ್ಯೂಬಿನಿಂದ ಗಾಳಿ ಬಿಡುವಾಗ ಬೆರಳು ಅಡ್ಡ ಹಿಡಿದು ನೋಡಿ, ತಂಪು ತಾಗುತ್ತದೆ.

ಸರಾಸರಿಯಾಗಿ 1,000 ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣತೆ ಇಳಿಯುತ್ತದೆ. ಕೋಲಾರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ನಂದಿಬೆಟ್ಟದ ಎತ್ತರ 1,478 ಮೀಟರ್. ವ್ಯತ್ಯಾಸ ಸುಮಾರು 650 ಮೀಟರ್. ಅಂದರೆ ಕೋಲಾರದಲ್ಲಿ 35 ಡಿಗ್ರಿ ಇದ್ದಾಗ ನಂದಿಯಲ್ಲಿ 31ರ ಆಸುಪಾಸು ಇರಬೇಕು. ಊಟಿ ಸುಮಾರು 2,240 ಮೀಟರ್. ಅಲ್ಲಿನ ಲೆಕ್ಕವನ್ನು ನೀವೇ ಮಾಡಿ ನೋಡಿ. ಗಾಳಿ, ಮೋಡ, ಮರಗಳಿಂದಾಗಿ ಈ ಅಂಕಿಗಳು ದಿನದಿನಕ್ಕೂ ಸ್ವಲ್ಪ ಬದಲಾಗುತ್ತವೆ.

ಎತ್ತರವೊಂದೇ ಸಾಲದು. ಕೋಲಾರ 13 ಡಿಗ್ರಿ ಅಕ್ಷಾಂಶದ ಸಮೀಪದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ, ಮಳೆಮೋಡಗಳು ಇನ್ನೂ ಬಂದಿರುವುದಿಲ್ಲ. ಬೆಟ್ಟದ ಪಶ್ಚಿಮದ ಇಳಿಜಾರಿಗೆ ಸಂಜೆಯ ಬಿಸಿಲು ನೇರವಾಗಿ ಬೀಳುತ್ತದೆ. ಬೋಳು ಬಂಡೆ ಹಗಲೆಲ್ಲ ಹೀರಿದ ಶಾಖವನ್ನು ಕತ್ತಲಾದ ಮೇಲೂ ಹೊರಸೂಸುತ್ತದೆ. ಮರಗಳಾದರೋ ನೆರಳು ಕೊಡುವುದರ ಜೊತೆಗೆ ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಲನ್ನು ತಂಪಾಗಿಡುತ್ತವೆ. ಆದ್ದರಿಂದ ಪೂರ್ವದ ಇಳಿಜಾರಿನಲ್ಲಿ, ಮರಗಳ ನಡುವೆ ಇರುವ ಮನೆ ಹೆಚ್ಚು ತಂಪು. ಆ ಮನೆಗೂ ಅದರ ರಸ್ತೆಗೂ ಮರಗಳನ್ನೇ ಕಡಿದರೆ, ಹುಡುಕಿಬಂದ ತಂಪಿನ ಒಂದು ಪಾಲನ್ನು ನಾವೇ ಕಳೆದುಕೊಂಡಂತೆ.

ಬೇಸಿಗೆಯಲ್ಲಿ ಬೆಟ್ಟ ಹತ್ತುವ ರೂಢಿ ಹಳೆಯದು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ನಂದಿಬೆಟ್ಟ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ ಅಲ್ಲಿದೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆ ಅಲ್ಲಿಗೆ ಹೋಗುತ್ತಿದ್ದ. ಗಾಂಧೀಜಿ 1927ರಲ್ಲಿ ಆರೋಗ್ಯ ಕೆಟ್ಟಾಗ ಅಲ್ಲಿ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. ಆ ಬೆಟ್ಟದ ಮೇಲೆ ಅಮೃತ ಸರೋವರವೆಂಬ ಕಲ್ಯಾಣಿಯೂ ಇದೆ. ನೀರಿಲ್ಲದೆ ಬೆಟ್ಟದ ಮೇಲೆ ವಾಸ ಸಾಧ್ಯವಿಲ್ಲವೆಂಬುದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಮಿತ್ರರು ಮರೆತದ್ದು ಇದನ್ನೇ. ಅವರ ಕಣ್ಣಿದ್ದದ್ದು ಊರಿನ ಪಕ್ಕದ ಅಂತರಗಂಗೆ ಬೆಟ್ಟದ ಮೇಲೆ. ಅಲ್ಲಿ ಬಸವನ ಬಾಯಿಂದ ಬರುವ ನೀರನ್ನು ನೀವೂ ಕುಡಿದಿರಬಹುದು. ಬೆಟ್ಟದ ಮೇಲೆ ಸುರಿದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು, ನಿಧಾನವಾಗಿ ಹರಿದು, ಕೆಳಗೆ ಒರತೆಯಾಗಿ ಹೊರಬರುತ್ತದೆ. ಗಟ್ಟಿ ಕಲ್ಲಿನ ಬೆಟ್ಟ ಹಿಡಿದಿಡುವ ನೀರು ಬಹಳ ಸ್ವಲ್ಪ. ಮೇಲೆ ಮನೆಗೊಂದು ಬೋರ್‌ವೆಲ್ ಕೊರೆದರೆ ಒರತೆಯ ಪಾಲಿಗೆ ಏನು ಉಳಿದೀತು? ಬೆಟ್ಟದ ಮೇಲಿನ ತೇರಹಳ್ಳಿಯಂಥ ಹಳ್ಳಿಗಳ ಜನ ವರ್ಷವಿಡೀ ಬಾಳುವುದೂ ಇದೇ ನೀರಿನಲ್ಲಿ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗಿಂತ ಆಳಕ್ಕೆ ಕೊರೆಯುವುದು ಇಲ್ಲಿ ಸಾಮಾನ್ಯವಾಗಿಬಿಟ್ಟಿತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ತರಬೇಕಾಯಿತು.

ಹಾಗಾದರೆ ದಾರಿಯೇ ಇಲ್ಲವೆ? ಇದೆ, ಅದಕ್ಕೂ ಲೆಕ್ಕವಿದೆ. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ 90 ದಿನಕ್ಕೆ 48,600 ಲೀಟರ್ ನೀರು ಬೇಕು. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷದಲ್ಲಿ 700 ಮಿಲಿಮೀಟರ್ ಮಳೆ ಬಿದ್ದರೆ 70,000 ಲೀಟರ್. ಐದರಲ್ಲೊಂದು ಪಾಲು ನಷ್ಟವಾದರೂ 56,000 ಲೀಟರ್ ಕೈಗೆ ಸಿಗುತ್ತದೆ. ಅಂದರೆ ತನ್ನ ಚಾವಣಿಯ ಮಳೆಯನ್ನು ತಾನೇ ಹಿಡಿದು, 50,000 ಲೀಟರಿನ ತೊಟ್ಟಿಯಲ್ಲಿ ಬೇಸಿಗೆಗೆಂದು ಕೂಡಿಟ್ಟುಕೊಳ್ಳುವ ಮನೆ ಒರತೆಗೆ ಕೈಹಾಕಬೇಕಾಗಿಲ್ಲ.

ಈ ಲೆಕ್ಕ ನೋಡಿ ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂರು ತಿಂಗಳ ವಾಸಕ್ಕೆ ಅಷ್ಟು ದೊಡ್ಡ ತೊಟ್ಟಿಯೆ?" ಎಂದರು. ಮಗಳು ನಕ್ಕಳು: "ಮೊದಲು ನಮ್ಮ ಮನೆಯ ಪಶ್ಚಿಮಕ್ಕೆ ಎರಡು ಹೊಂಗೆ ಗಿಡ ಹಾಕೋಣ ಅಪ್ಪ. ಬೆಟ್ಟಕ್ಕೆ ಬೆಳಗಿನ ಹೊತ್ತು ಹೋಗಿಬಂದರಾಯಿತು." ಗಿಡಗಳನ್ನೇನೋ ನೆಟ್ಟಿದ್ದಾರೆ, ಮನೆಯ ವಿಚಾರ ಇನ್ನೂ ತೀರ್ಮಾನವಾಗಿಲ್ಲ.

ನೀವೂ ಒಂದು ಪ್ರಯೋಗ ಮಾಡಿ. ಒಂದೇ ಬಗೆಯ ಎರಡು ಉಷ್ಣಮಾಪಕ ತೆಗೆದುಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ಒಬ್ಬರು ಬೆಟ್ಟದ ಬುಡದಲ್ಲಿ, ಇನ್ನೊಬ್ಬರು ತುದಿಯಲ್ಲಿ, ಮರದ ನೆರಳಿನಲ್ಲಿ ತೂಗುಹಾಕಿ ಹತ್ತು ನಿಮಿಷದ ನಂತರ ಓದಿಕೊಳ್ಳಿ. ನಂತರ ತುದಿಯಲ್ಲಿಯೇ ಬೋಳು ಬಂಡೆಯ ಮೇಲೆ ಅಂಗೈಯಗಲ ಎತ್ತರದಲ್ಲಿ ಉಷ್ಣಮಾಪಕವನ್ನು ಹಿಡಿದು, ಬಿಸಿಲು ನೇರವಾಗಿ ಬೀಳದಂತೆ ಮರೆಮಾಡಿ ಮತ್ತೆ ಓದಿ. ಎತ್ತರ ಕೊಟ್ಟ ತಂಪೆಷ್ಟು, ಮರ ಕೊಟ್ಟ ತಂಪೆಷ್ಟು ಎಂಬುದು ನಿಮ್ಮ ನೋಟ್‌ಪುಸ್ತಕದಲ್ಲೇ ಬೇರೆಬೇರೆಯಾಗಿ ಕಾಣುತ್ತದೆ.