ಆಟೋಟಗಳ ಛಾಯಾಚಿತ್ರಕ್ಕೆ ಎಂಥ ಕ್ಯಾಮೆರಾ?

ಕಳೆದ ವರ್ಷ ದಸರೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಕಟ್ಟು ಛಾಯಾಚಿತ್ರಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಬಿ.ಎಸ್‌ಸಿ. ಮುಗಿಸಿದ ಮೇಲೆ ಛಾಯಾಗ್ರಹಣವನ್ನೇ ವೃತ್ತಿಯಾಗಿ ಹಿಡಿದವನು ಆತ. ನಾಮಕರಣ, ಮದುವೆ, ಶಾಲೆಗಳ ವಾರ್ಷಿಕೋತ್ಸವ, ತಾಲ್ಲೂಕು ಮಟ್ಟದ ಕ್ರೀಡಾಕೂಟ, ಇವುಗಳಿಂದಲೇ ಅವನ ಸಂಸಾರ ನಡೆಯುತ್ತದೆ. ಅಂದು ಅವನು ತಂದಿದ್ದುದು ಒಳಾಂಗಣದಲ್ಲಿ, ದೀಪದ ಬೆಳಕಿನಲ್ಲಿ ನಡೆದ ಕಬಡ್ಡಿ ಪಂದ್ಯದ ಚಿತ್ರಗಳು. ಒಂದರಲ್ಲಾದರೂ ದಾಳಿಗಾರನ ಮುಖ ಸ್ಫುಟವಾಗಿರಲಿಲ್ಲ. ಕೈಕಾಲುಗಳು ಊದುಬತ್ತಿಯ ಹೊಗೆಯಂತೆ ಎಳೆದುಕೊಂಡು ಹೋಗಿದ್ದುವು. ಪಂದ್ಯ ಏರ್ಪಡಿಸಿದವರು ಮಾತಾಡಿದ ಹಣವನ್ನೇನೋ ಕೊಟ್ಟರಂತೆ. ಆದರೆ ಮುಂದಿನ ಕೂಟಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇವೆಂದೂ ಹೇಳಿಬಿಟ್ಟಿದ್ದರು.

“ಸಾರ್, ಕ್ಯಾಮೆರಾ ಹಳೆಯದಾಯಿತು. ಅರವತ್ತು ಸಾವಿರ ಕೂಡಿಟ್ಟಿದ್ದೇನೆ. ಇನ್ನೊಂದಷ್ಟು ಸಾಲ ಮಾಡಿ ಫುಲ್ ಫ್ರೇಮ್ ಕ್ಯಾಮೆರಾ ತೆಗೆದುಕೊಂಡುಬಿಡಲೇ? ಅಂಗಡಿಯವರೂ ಅದನ್ನೇ ಹೇಳುತ್ತಾರೆ” ಎಂದು ಕೇಳಿದ.

ಅಂಗಡಿಯವರು ಹಾಗೆ ಹೇಳುವುದು ಸಹಜವೇ. ಆದರೆ ಸಾಲದ ಮಾತು ಬಂದಾಗ ನಾವು ಸ್ವಲ್ಪ ಎಚ್ಚರಗೊಂಡೆವು. ಮರುದಿನ ಕಾಲೇಜಿನ ಪ್ರಯೋಗಶಾಲೆಯಿಂದ ದೀಪ್ತಿಮಾಪಕವನ್ನು ತೆಗೆದುಕೊಂಡು ಇಬ್ಬರೂ ಆ ಕ್ರೀಡಾಂಗಣಕ್ಕೇ ಹೋದೆವು. ದೀಪಗಳನ್ನೆಲ್ಲ ಹಾಕಿಸಿ ಅಂಗಣದ ನಡುವೆ ಅಳೆದಾಗ ಮುಳ್ಳು 300 ಲಕ್ಸ್‌ನ ಆಸುಪಾಸಿನಲ್ಲಿ ನಿಂತಿತು. ಹೊರಗಿನ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಒಳಗೆ ಕಾಲಿಟ್ಟಾಗ ನಮ್ಮ ಕಣ್ಣು ಅಲ್ಲಿಯ ಬೆಳಕಿಗೆ ಹೊಂದಿಕೊಳ್ಳುವುದರಿಂದ, ಹೊರಗಿಗಿಂತ ಅಲ್ಲಿ ಬೆಳಕು ಮುನ್ನೂರು ಪಟ್ಟಿಗೂ ಮಿಕ್ಕಿ ಕಡಿಮೆಯೆಂಬುದು ನಮಗೆ ತೋರುವುದೇ ಇಲ್ಲ. ಕ್ಯಾಮೆರಾಕ್ಕೆ ಈ ವಂಚನೆ ತಿಳಿಯದು.

ಅವನ ಕ್ಯಾಮೆರಾ 2016ರಲ್ಲಿ ಹೊರಬಂದ ಕ್ಯಾನನ್ 1300ಡಿ. ಅದರ ಜೊತೆಗೆ 55 ರಿಂದ 250 ಮಿಲಿಮೀಟರು ಸಂಗಮದೂರದ ಜೂಮ್ ಮಸೂರ. ಪಂದ್ಯದ ದಿನ ಎಲ್ಲಿ ಕುಳಿತಿದ್ದೆಯೆಂದು ಕೇಳಿದೆವು. ಅಂಗಣದಿಂದ ಸುಮಾರು 20 ಮೀಟರು ದೂರದ ಮೆಟ್ಟಿಲನ್ನು ತೋರಿಸಿದ. ಅಲ್ಲಿಂದ ಜೂಮನ್ನು 200 ಮಿಲಿಮೀಟರಿಗೆ ಎಳೆದು ತೆಗೆದಿದ್ದನಂತೆ. ಚಿತ್ರ ಕಾಳುಕಾಳಾದೀತೆಂಬ ಭಯದಿಂದ ಐ.ಎಸ್.ಓ. ಸಂಖ್ಯೆಯನ್ನು 1600ರ ಮೇಲೆ ಏರಿಸಿರಲಿಲ್ಲ. ಆಗ ಷಟರು ತೆರೆದಿದ್ದ ಕಾಲ ಸೆಕೆಂಡಿನ 60ರಲ್ಲಿ ಒಂದು ಪಾಲು.

ಈ ಒಂದು ಸಂಖ್ಯೆಯಲ್ಲಿಯೇ ಅವನ ಸಂಕಟದ ಮೂಲವಿದೆ. ದಾಳಿಗಾರನು ಸೆಕೆಂಡಿಗೆ 5 ಮೀಟರು ವೇಗದಲ್ಲಿ ಅಡ್ಡಲಾಗಿ ಹಾಯುತ್ತಾನೆಂದು ಇಟ್ಟುಕೊಳ್ಳೋಣ. ಸೆಕೆಂಡಿನ 60ನೆಯ ಒಂದು ಪಾಲಿನಲ್ಲಿ ಅವನು ಸರಿಯುವುದು 8 ಸೆಂಟಿಮೀಟರಿಗೂ ಹೆಚ್ಚು. 20 ಮೀಟರಿನಿಂದ 200 ಮಿಲಿಮೀಟರು ಮಸೂರದಲ್ಲಿ ನೋಡಿದಾಗ ವಸ್ತುವಿನ ನೂರನೆಯ ಒಂದು ಪಾಲಿನಷ್ಟು ದೊಡ್ಡ ಬಿಂಬ ಮೂಡುತ್ತದೆಯಾದ್ದರಿಂದ, ಸೆನ್ಸರಿನ ಮೇಲೆ ಆ ಜಾರಿಕೆ 0.8 ಮಿಲಿಮೀಟರು. ಸೆನ್ಸರಿನ ಅಗಲವೋ 22 ಮಿಲಿಮೀಟರು. ಅದನ್ನು 20 ಸೆಂಟಿಮೀಟರು ಅಗಲದ ಪುಟಕ್ಕೆ ಹಿಗ್ಗಿಸಿದರೆ ಎಲ್ಲವೂ 9 ಪಟ್ಟು ಬೆಳೆಯುತ್ತದೆ. ಜಾರಿಕೆ 7 ಮಿಲಿಮೀಟರನ್ನು ದಾಟುತ್ತದೆ. ಅಷ್ಟರಲ್ಲಿ ಒಂದು ಮುಖದ ಕಣ್ಣು ಮೂಗುಗಳೆಲ್ಲ ಅಳಿಸಿಹೋಗಲು ಅಡ್ಡಿಯೇನು? ಜೂಮಿನೊಳಗೆ ನಡುಕ ತಡೆಯುವ ಏರ್ಪಾಡು ಇತ್ತಲ್ಲ ಎಂದು ಆತ ಕೇಳಿದ. ಅದು ತಡೆಯುವುದು ಚಿತ್ರ ತೆಗೆಯುವವನ ಕೈನಡುಕವನ್ನು, ಆಟಗಾರನ ಓಟವನ್ನಲ್ಲ.

ಪುಟದ ಮೇಲಿನ ಜಾರಿಕೆ ಅರ್ಧ ಮಿಲಿಮೀಟರಿಗೆ ಇಳಿಯಬೇಕಾದರೆ ಷಟರು ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದಿರಬೇಕು. ಎಂದರೆ ಸೆನ್ಸರಿಗೆ ಬೀಳುವ ಬೆಳಕು ಹಿಂದಿನದರ ಹದಿನಾರನೆಯ ಒಂದು ಪಾಲು. ಕಳೆದುಹೋದ ಈ ಬೆಳಕನ್ನು ಎಲ್ಲಿಂದ ತರುವುದು? ಕ್ಯಾಮೆರಾ ಬದಲಿಸಬೇಕೆಂದಿರುವವರು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದು.

ಮಸೂರದ ಮೇಲೆ ಕೆತ್ತಿರುವ ಎಫ್ ಸಂಖ್ಯೆಯನ್ನು ವಾಚಕರು ನೋಡಿರಬಹುದು. ಸಂಗಮದೂರವನ್ನು ಮಸೂರದ ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವ ಲಬ್ಧವೇ ಅದು. ಸಂಖ್ಯೆ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಬಿಂಬದ ಮೇಲೆ ಬೀಳುವ ಬೆಳಕು ಆ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ವ್ಯತ್ಯಾಸವಾಗುತ್ತದೆ. ಅವನ ಜೂಮ್ 200 ಮಿಲಿಮೀಟರಿನಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. 85 ಮಿಲಿಮೀಟರಿನ ಎಫ್ 1.8 ಮಸೂರವೊಂದನ್ನು ಅದರ ಪಕ್ಕದಲ್ಲಿ ಇಡಿ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7. ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು! ಹಳೆಯ ಕ್ಯಾಮೆರಾದಲ್ಲಿಯೇ, ಅದೇ 1600ರಲ್ಲಿಯೇ, ಅದೇ 300 ಲಕ್ಸ್ ಬೆಳಕಿನಲ್ಲಿ, ಸೆಕೆಂಡಿನ 600ರಲ್ಲೊಂದು ಪಾಲಿಗೆ ಚಿತ್ರ ದೊರೆಯುತ್ತದೆ. ಐ.ಎಸ್.ಓ.ವನ್ನು 3200ಕ್ಕೆ ಏರಿಸಿದರೆ ಸಾವಿರದಲ್ಲೊಂದನ್ನೂ ದಾಟಬಹುದು.

85 ಮಿಲಿಮೀಟರಿನಲ್ಲಿ ದೂರದ ಆಟಗಾರ ಚಿಕ್ಕದಾಗಿ ಕಾಣುವುದಿಲ್ಲವೆ ಎಂದರೆ, ಹೌದು, ಕಾಣುತ್ತಾನೆ. ಅದಕ್ಕೆ ಪರಿಹಾರ ಮೆಟ್ಟಿಲಿನಿಂದ ಇಳಿದು ಅಂಗಣದ ಅಂಚಿಗೆ ಹೋಗುವುದು. ಎಂಟೂವರೆ ಮೀಟರಿನಿಂದ 85 ಮಿಲಿಮೀಟರಿನಲ್ಲಿ ಕಾಣುವ ಬಿಂಬವೂ 20 ಮೀಟರಿನಿಂದ 200 ಮಿಲಿಮೀಟರಿನಲ್ಲಿ ಕಾಣುವ ಬಿಂಬವೂ ಗಾತ್ರದಲ್ಲಿ ಒಂದೇ. ಪುರುಷರ ಕಬಡ್ಡಿ ಅಂಗಣ 13 ಮೀಟರು ಉದ್ದ, 10 ಮೀಟರು ಅಗಲ ಮಾತ್ರ. ಏರ್ಪಡಿಸಿದವರ ಅನುಮತಿ ಪಡೆದು ಅಂಚಿನಲ್ಲಿ ಕುಳಿತರೆ ಹನ್ನೊಂದು ಮೀಟರು ದೂರ ಉಳಿಯಿತು, ಅದೂ ಖರ್ಚಿಲ್ಲದೆ.

ಇನ್ನು ಫುಲ್ ಫ್ರೇಮ್ ವಿಚಾರ. ಅದರ ಸೆನ್ಸರು 36ಕ್ಕೆ 24 ಮಿಲಿಮೀಟರು, ಅವನದು 22.3ಕ್ಕೆ 14.9. ವಿಸ್ತಾರದಲ್ಲಿ ಅದು 2.6 ಪಟ್ಟು ದೊಡ್ಡದು, ಆದುದರಿಂದ ಒಟ್ಟು ಬೆಳಕನ್ನು ಹಿಡಿಯುವುದರಲ್ಲಿಯೂ ಅಷ್ಟೇ ಮುಂದು. ಹತ್ತು ಪಟ್ಟಿನ ಎದುರು ಎರಡೂವರೆ ಪಟ್ಟು! ಅಲ್ಲದೆ ದೊಡ್ಡ ಸೆನ್ಸರಿನಲ್ಲಿ ಅದೇ ಆಟಗಾರ ಚಿತ್ರದ ಅಷ್ಟೇ ಭಾಗವನ್ನು ತುಂಬಬೇಕಾದರೆ ಇನ್ನೂ ಉದ್ದನೆಯ ಮಸೂರ ಬೇಕು. ಅದರ ಬೆಲೆ ಸಾಲದ ಲೆಕ್ಕದಲ್ಲಿ ಸೇರಿರಲಿಲ್ಲ. ಮೆಗಾಪಿಕ್ಸೆಲ್‌ಗಳ ಮಾತನ್ನಂತೂ ಬಿಟ್ಟೇಬಿಡಬಹುದು. 20 ಸೆಂಟಿಮೀಟರು ಪುಟವನ್ನು ಚೊಕ್ಕಟವಾಗಿ ಅಚ್ಚು ಮಾಡಲು ಅಡ್ಡಸಾಲಿನಲ್ಲಿ ಸುಮಾರು 2400 ಬಿಂದುಗಳಿದ್ದರೆ ಸಾಕು. ಅವನ ಹಳೆಯ ಯಂತ್ರದಲ್ಲಿ 5184 ಇವೆ.

ಐ.ಎಸ್.ಓ. ಏರಿಸಿದರೆ ಬೆಳಕು ಹೆಚ್ಚುತ್ತದೆಂಬ ನಂಬಿಕೆಯೊಂದುಂಟು. ಅದು ತಪ್ಪು. ಬಂದಷ್ಟೇ ಬೆಳಕನ್ನು ಹಿಗ್ಗಿಸಿ ತೋರಿಸುವುದು ಅದರ ಕೆಲಸ. ಬೆಳಕು ಫೋಟಾನುಗಳೆಂಬ ಕಣಗಳಾಗಿ, ಮಳೆಯ ಹನಿಗಳಂತೆ ಗೊತ್ತುಗುರಿಯಿಲ್ಲದೆ ಬೀಳುತ್ತದೆ. ಒಂದು ಬಿಂದುವಿನ ಮೇಲೆ ಸರಾಸರಿ 400 ಫೋಟಾನುಗಳು ಬೀಳುವುದಾದರೆ ಏರುಪೇರು ಅದರ ವರ್ಗಮೂಲದಷ್ಟು, ಎಂದರೆ 20, ನೂರಕ್ಕೆ 5ರಷ್ಟು. 4000 ಬಿದ್ದರೆ ಏರುಪೇರು 63. ನೂರಕ್ಕೆ ಒಂದೂವರೆಗಿಂತ ಸ್ವಲ್ಪ ಹೆಚ್ಚು. ಚಿತ್ರದಲ್ಲಿ ಕಾಣುವ ಕಾಳುಕಾಳು ಬಹುಮಟ್ಟಿಗೆ ಇದೇ. ಆದರೂ ನಮ್ಮ ಅಭಿಪ್ರಾಯದಲ್ಲಿ ಕಾಳಾದ ಮುಖ ಅಳಿಸಿದ ಮುಖಕ್ಕಿಂತ ಮೇಲು. ಮೊದಲನೆಯದನ್ನು ಪತ್ರಿಕೆಯವರು ಅಚ್ಚು ಹಾಕುತ್ತಾರೆ, ಎರಡನೆಯದನ್ನು ಹಾಕುವುದಿಲ್ಲ.

ಹಣಕ್ಕೆ ಕೊರತೆಯೇ ಇಲ್ಲದಿದ್ದವರನ್ನೂ ಈ ಬೆಳಕು ಕಾಡಿಸಿದೆ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಎಂಬಾತ ಓಡುವ ಕುದುರೆಯ ಚಿತ್ರಗಳನ್ನು ಹನ್ನೆರಡು ಕ್ಯಾಮೆರಾಗಳಿಂದ ತೆಗೆದ. ಖರ್ಚು ವಹಿಸಿದವನು ರೈಲುದಾರಿಗಳ ಧನಿಕ ಸ್ಟ್ಯಾನ್‌ಫರ್ಡ್. ಅಷ್ಟಿದ್ದರೂ ಕುದುರೆಯ ಹಿಂದೆ ಬಿಳಿಯ ಗೋಡೆಯಂಥ ಹಿನ್ನೆಲೆಯನ್ನು ನಿಲ್ಲಿಸಿ ಬಿಸಿಲಿಗಾಗಿ ಕಾಯಬೇಕಾಯಿತು. ಹಾಗೂ ಬಹುತೇಕ ಚಿತ್ರಗಳಲ್ಲಿ ಕುದುರೆ ಕಪ್ಪು ನೆರಳಾಗಿಯೇ ಮೂಡಿತು.

ಹಾಗಾದರೆ ಹೊಸ ಕ್ಯಾಮೆರಾ ಬೇಡವೇ ಬೇಡವೆ? ಹಾಗೆ ಹೇಳಿದರೆ ಅನ್ಯಾಯವಾದೀತು. ದೊಡ್ಡ ಬಾಗಿಲಿಗೆ ಒಂದು ದಂಡವುಂಟು. ಎಫ್ 5.6ರಲ್ಲಿ ಆಟಗಾರನ ಹಿಂದೆ ಮುಂದೆ ಒಟ್ಟು ಎರಡು ಮೀಟರಿನಷ್ಟು ಜಾಗ ಸ್ಫುಟವಾಗಿರುತ್ತಿತ್ತು. ಅದೇ ಗಾತ್ರದ ಬಿಂಬಕ್ಕೆ ಎಫ್ 1.8ರಲ್ಲಿ ಉಳಿಯುವುದು ಎರಡು ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸೆಕೆಂಡಿಗೆ 5 ಮೀಟರು ಓಡುವವನು ಅದನ್ನು ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆದುದರಿಂದ ಕ್ಯಾಮೆರಾ ಅವನನ್ನು ಬಿಡದೆ ಬೆನ್ನಟ್ಟಿ ಸಂಗಮವನ್ನು ಹೊಂದಿಸುತ್ತಲೇ ಇರಬೇಕು. ಇದಕ್ಕೆ 1300ಡಿಯಲ್ಲಿರುವ ಬಿಂದುಗಳು 9. ಅವುಗಳಲ್ಲಿ ಅಡ್ಡ ಉದ್ದ ಎರಡೂ ಗೆರೆಗಳನ್ನು ಹಿಡಿಯಬಲ್ಲುದು ನಡುವಿನದೊಂದೇ. 2014ರ 7ಡಿ ಮಾರ್ಕ್ 2ರಲ್ಲಿ 65 ಬಿಂದುಗಳಿದ್ದು ಎಲ್ಲವೂ ಅಂಥವೇ. 2016ರ ನಿಕಾನ್ ಡಿ500ರಲ್ಲಿ 153. ಕನ್ನಡಿಯಿಲ್ಲದ ಇತ್ತೀಚಿನ ಕ್ಯಾಮೆರಾಗಳು, ಉದಾಹರಣೆಗೆ 2022ರ ಕ್ಯಾನನ್ ಆರ್10, ಮನುಷ್ಯನ ಕಣ್ಣನ್ನೇ ಗುರುತಿಸಿ ಹಿಂಬಾಲಿಸುತ್ತವೆ. ಯಂತ್ರಕ್ಕೆ ಹಣ ಹಾಕುವುದಾದರೆ ಈ ಗುಣಕ್ಕಾಗಿ ಹಾಕಬೇಕು. ಆದರೆ ಮಸೂರವನ್ನು ಕೊಂಡ ಮೇಲೆ.

ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು ಜಾಹೀರಾತುಗಳು ದೊಡ್ಡ ಅಕ್ಷರಗಳಲ್ಲಿ ಹಾಕುತ್ತವೆ. ಅವನದು 3, ಮಾರ್ಕ್ 2ರದು 10. ಆದರೆ ಸಾವಿರದಲ್ಲೊಂದು ಪಾಲಿನ ಹತ್ತು ಚಿತ್ರಗಳೆಂದರೆ ಷಟರು ಒಟ್ಟಿನಲ್ಲಿ ತೆರೆದಿರುವುದು ಸೆಕೆಂಡಿನ ನೂರರಲ್ಲೊಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲು ಆಟವನ್ನು ಯಂತ್ರ ನೋಡಿಯೇ ಇರುವುದಿಲ್ಲ. ಬ್ಯಾಟಿಗೆ ಚೆಂಡು ತಗುಲಿರುವ ಹೊತ್ತು ಸೆಕೆಂಡಿನ ಸಾವಿರದಲ್ಲೊಂದರಷ್ಟು. ನಮ್ಮ ಬೆರಳು ಕಣ್ಣಿನ ಮಾತು ಕೇಳಿ ಗುಂಡಿ ಒತ್ತಲು ಐದರಲ್ಲೊಂದು ಸೆಕೆಂಡು ಬೇಕು. ಕಂಡ ಮೇಲೆ ಒತ್ತುವವನಿಗೆ ಯಾವ ಯಂತ್ರವೂ ದಕ್ಕದು. ಈ ವಿಷಯದಲ್ಲಿ ಕಬಡ್ಡಿ ಆಡಿ ಬಲ್ಲ ನಮ್ಮ ಶಿಷ್ಯನಿಗೆ ಅನುಕೂಲವಿತ್ತು.

ಬಯಲಿನ ಕ್ರಿಕೆಟ್ಟಿಗೆ ಲೆಕ್ಕವೇ ಬೇರೆ. ಬಿಸಿಲಿನಲ್ಲಿ ಎಫ್ 5.6 ಇಟ್ಟು ಐ.ಎಸ್.ಓ. 400ರಲ್ಲಿಯೇ ಮೂರು ಸಾವಿರದಲ್ಲೊಂದು ಪಾಲಿಗೆ ಚಿತ್ರ ಬರುತ್ತದೆ. ಹಳೆಯ ಜೂಮೇ ಧಾರಾಳ. 65 ಮೀಟರು ದೂರದ ಆಟಗಾರ 250 ಮಿಲಿಮೀಟರಿನಲ್ಲಿ ಅವನ ಚಿಕ್ಕ ಸೆನ್ಸರಿನ ಎತ್ತರದ ಅರ್ಧದಷ್ಟನ್ನು ತುಂಬುತ್ತಾನೆ. ಫುಲ್ ಫ್ರೇಮಿನಲ್ಲಾದರೆ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಇಲ್ಲಿ ಚಿಕ್ಕದೇ ಮೇಲಾಯಿತು. ಮದುವೆಯ ಮನೆಯಲ್ಲಿ 50 ಮಿಲಿಮೀಟರಿನ ಎಫ್ 1.8 ಮಸೂರ, ಬಿಳಿಯ ಸೂರಿಗೆ ತಿರುಗಿಸಿ ಹಾರಿಸುವ ಒಂದು ಫ್ಲ್ಯಾಷು, ಇವೆರಡರಿಂದ ಬಹಳ ಕೆಲಸವಾಗುತ್ತದೆ. ಕಬಡ್ಡಿಯಲ್ಲಿ ಮಾತ್ರ ಆಟಗಾರರ ಕಣ್ಣಿಗೆ ಫ್ಲ್ಯಾಷು ಹಾರಿಸತಕ್ಕದ್ದಲ್ಲ.

ದೀಪಗಳ ಮಿನುಗಾಟವೂ ಒಂದು ಕಾಟ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದ್ದರಿಂದ ಹಳೆಯ ಚೋಕಿನ ಟ್ಯೂಬುಲೈಟುಗಳು ಸೆಕೆಂಡಿಗೆ 100 ಬಾರಿ ಮಂಕಾಗುತ್ತವೆ. ಷಟರು ನಿಧಾನವಾಗಿದ್ದಾಗ ಅದು ತಿಳಿಯದು. ಸಾವಿರದಲ್ಲೊಂದಕ್ಕೆ ಏರಿಸಿದೊಡನೆ ಒಂದು ಚಿತ್ರ ಬೆಳಗಿ ಮುಂದಿನದು ಹಳದಿಯಾಗಿ ಮಂಕಾಗಿ ಬರುತ್ತದೆ. ಮಿನುಗು ಏರಿದ ಕ್ಷಣವನ್ನು ಕಾದು ಷಟರು ತೆರೆಯುವ ಏರ್ಪಾಡು 7ಡಿ ಮಾರ್ಕ್ 2ರಲ್ಲಿ ಇದೆ. ಆಮೇಲೆ ಇನ್ನೂ ಹಲವು ಯಂತ್ರಗಳಲ್ಲಿ ಬಂದಿತು. ಒಳಾಂಗಣದ ಕೆಲಸಕ್ಕೆ ಹಳೆಯ ಕ್ಯಾಮೆರಾ ಹುಡುಕುವವರು ಇದನ್ನು ವಿಚಾರಿಸಿ ನೋಡಬೇಕು.

2018ರಿಂದೀಚೆಗೆ ಕ್ಯಾನನ್, ನಿಕಾನ್ ಎರಡೂ ಕನ್ನಡಿಯಿಲ್ಲದ ಹೊಸ ಜಾತಿಯ ಕಡೆ ತಿರುಗಿದುದರಿಂದ ಕನ್ನಡಿಯುಳ್ಳ ಒಳ್ಳೆಯ ಯಂತ್ರಗಳು ಕೈಬದಲಾಗಿ ಅಗ್ಗಕ್ಕೆ ದೊರೆಯುತ್ತವೆ. ಕ್ಯಾನನ್ನಿನ ಹಳೆಯ ಇ.ಎಫ್. ಮಸೂರಗಳು ಒಂದು ಜೋಡಣೆಯ ಉಂಗುರದ ಸಹಾಯದಿಂದ ಹೊಸ ಯಂತ್ರಗಳಲ್ಲಿಯೂ ಚೆನ್ನಾಗಿ ನಡೆಯುತ್ತವೆ. ಇಂದು ಕೊಂಡುದು ನಾಳೆ ವ್ಯರ್ಥವಾಗದು. ನಿಕಾನ್ ಕೊಳ್ಳುವವರು ಮಾತ್ರ ಜಾಗರೂಕರಾಗಿರಬೇಕು. ಮಸೂರದ ಹೆಸರಿನಲ್ಲಿ ಎ.ಎಫ್.ಡಿ. ಎಂದಿದ್ದರೆ ಅದರಲ್ಲಿ ಮೋಟಾರು ಇಲ್ಲ. ಡಿ3500ರಂಥ ಚಿಕ್ಕ ಯಂತ್ರದಲ್ಲಿಯೂ ಇಲ್ಲ. ಇವೆರಡನ್ನು ಜೋಡಿಸಿದರೆ ಕೈಯಲ್ಲೇ ತಿರುಗಿಸುತ್ತ ಕೂಡಬೇಕಾಗುತ್ತದೆ. ಇನ್ನೊಂದು ಮಾತು ನಮ್ಮ ಮಲೆನಾಡಿನವರಿಗೂ ಕರಾವಳಿಯವರಿಗೂ. ಮಳೆಗಾಲದ ತೇವದಲ್ಲಿ ಮಸೂರದೊಳಗೆ ಬೂಷ್ಟು ಬೆಳೆಯುತ್ತದೆ. ಕೊಳ್ಳುವ ಮುನ್ನ ಒಂದು ಕಡೆಯಿಂದ ಟಾರ್ಚು ಹಾಯಿಸಿ ಇನ್ನೊಂದು ಕಡೆಯಿಂದ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಎಷ್ಟು ಅಗ್ಗವಾದರೂ ಬೇಡ.

ನಮ್ಮ ಶಿಷ್ಯ ಸಾಲ ಮಾಡಲಿಲ್ಲ. ಕೈಬದಲಾದ 85 ಮಿಲಿಮೀಟರಿನ ಮಸೂರವೊಂದನ್ನು ಕೂಡಿಟ್ಟ ಹಣದ ಮೂರನೆಯ ಒಂದು ಪಾಲಿಗಿಂತ ಕಡಿಮೆಗೆ ಕೊಂಡ. ಬೇರೊಂದು ಊರಿನ ಪಂದ್ಯಕ್ಕೆ ಜನವರಿಯಲ್ಲಿ ಕರೆ ಬಂತು. ಅಂಚಿನಲ್ಲಿ ಕುಳಿತು ಆರುನೂರರಷ್ಟು ಚಿತ್ರ ತೆಗೆದನಂತೆ. ಮೂರರಲ್ಲಿ ಎರಡು ಪಾಲು ಸಂಗಮ ತಪ್ಪಿ ಹಾಳಾದುವು. ಉಳಿದವುಗಳಲ್ಲಿ ಒಂದನ್ನು ನಮಗೆ ತೋರಿಸಿದ. ಮೂವರು ಹಿಡಿದೆಳೆಯುತ್ತಿರುವಾಗ ನಡುಗೆರೆಯ ಕಡೆಗೆ ಚಾಚಿದ ಕೈ, ಬೆರಳಿನ ತುದಿಯ ಮಣ್ಣು, ಬಿಗಿದ ಹಲ್ಲು, ಎಲ್ಲವೂ ಸ್ವಲ್ಪ ಕಾಳುಕಾಳಾಗಿ, ಆದರೆ ಸ್ಫುಟವಾಗಿ ಮೂಡಿದ್ದುವು. ಆ ಚಿತ್ರ ಕೂಟದ ಸ್ಮರಣಸಂಚಿಕೆಯ ಹೊದಿಕೆಯ ಮೇಲೆ ಬಂದಿದೆ.

ಉಳಿದ ಹಣಕ್ಕೆ ಹಳೆಯ 7ಡಿ ಮಾರ್ಕ್ 2 ಒಂದನ್ನು ನೋಡಿಟ್ಟಿದ್ದಾನೆ. ಅದರ ಷಟರು ಎರಡು ಲಕ್ಷ ಬಾರಿ ತೆರೆಯುವಂತೆ ಪರೀಕ್ಷಿಸಿದ್ದು. ಈಗಾಗಲೇ ಎಷ್ಟು ಬಾರಿ ತೆರೆದಿದೆಯೆಂಬುದನ್ನು ಮಾರುವವನಿಂದ ಇನ್ನೂ ಹೊರಡಿಸಬೇಕಾಗಿದೆ. ಪ್ರಯೋಗಶಾಲೆಯ ದೀಪ್ತಿಮಾಪಕ ಮಾತ್ರ ಅವನ ಚೀಲದಲ್ಲಿಯೇ ಇದೆ.