ಮಗುವಿನೊಡನೆ ಬರೆದ ಚಿತ್ತಾರ

ಸಾಗರ, ಸೊರಬಗಳ ಕಡೆ ದೀವರ ಮನೆಯ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಅವೇ ಬಣ್ಣಗಳಿಂದ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಚಿತ್ತಾರ ಬರೆಯುವುದುಂಟು; ಅದಕ್ಕೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ಆಶ್ವಯುಜದ ಹುಣ್ಣಿಮೆಯಂದು, ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ, ಬೆಳಗಿನ ಜಾವ ಆ ಬುಟ್ಟಿಯಲ್ಲಿ ಚರಗವನ್ನೊಯ್ದು ಗದ್ದೆಗೆ ಬೀರುತ್ತಾರೆ. ಆದರೆ ನಾನು ಹೇಳಹೊರಟಿರುವುದು ಹಬ್ಬದ ಮಾತಲ್ಲ. ಅಗಲಿದವರ ನೆನಪನ್ನು ಎಳೆಯ ಮಗುವಿನೊಡನೆ ಹಂಚಿಕೊಳ್ಳಲು ಈ ಚಿತ್ತಾರ ಹೇಗೆ ನೆರವಾಗುತ್ತದೆಂಬುದು.

ನಮ್ಮ ಮನೆಯ ಬುಟ್ಟಿಯನ್ನು ಬರೆಯುತ್ತಿದ್ದವರು ಅಮ್ಮ. ಅವರು ತೀರಿಕೊಂಡಾಗ ನನ್ನ ಅಕ್ಕನ ಮಗಳಿಗೆ ನಾಲ್ಕು ವರ್ಷ. “ಅಜ್ಜಿ ಎಲ್ಲಿ?” ಎಂದು ಕೇಳಿದ ಮಗುವಿಗೆ “ಊರಿಗೆ ಹೋಗಿದ್ದಾರೆ” ಎಂದುಬಿಟ್ಟವಳು ನಾನೇ. ಅಂದಿನಿಂದ ಆ ಮಗು ಸಂಜೆಯ ಬಸ್ಸಿನ ಸದ್ದು ಕೇಳಿದರೆ ಸಾಕು, ದಣಪೆಯ ಬಳಿ ಹೋಗಿ ನಿಲ್ಲುತ್ತಿತ್ತು. ಸಾವಿನ ಮನೆಯಾದ್ದರಿಂದ ಆ ವರ್ಷ ಹಬ್ಬವಿರಲಿಲ್ಲ. ಮರುವರ್ಷ ಅಟ್ಟದಿಂದ ಬುಟ್ಟಿ ಇಳಿಸಿದಾಗ ಅವಳು, “ಚಿಕ್ಕಿ, ಹಬ್ಬಕ್ಕೆ ಅಜ್ಜಿ ಬರ್ತಾರಲ್ಲ?” ಎಂದಳು. ನನ್ನ ಸುಳ್ಳು ಒಂದು ವರ್ಷದಿಂದ ಆ ಎಳೆಯ ಮನಸ್ಸಿನಲ್ಲಿ ಕಾದು ಕುಳಿತಿತ್ತು.

ಮಕ್ಕಳು ಸಾವನ್ನು ನಮ್ಮಂತೆ ಗ್ರಹಿಸುವುದಿಲ್ಲ. ಬುಡಾಪೆಸ್ಟಿನಲ್ಲಿ 3ರಿಂದ 10 ವರ್ಷದ 378 ಮಕ್ಕಳನ್ನು ವಿಚಾರಿಸಿ ಮರಿಯಾ ನಾಗಿ ಎಂಬಾಕೆ 1948ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾದುದು. ಐದು ವರ್ಷದೊಳಗಿನ ಮಕ್ಕಳಿಗೆ ಸಾವೆಂದರೆ ಒಂದು ಪ್ರಯಾಣ, ಒಂದು ನಿದ್ದೆ; ಹೋದವರು ಮರಳಬಹುದು ಎಂಬ ಭಾವನೆ ಅವರಲ್ಲಿರುವುದನ್ನು ಆಕೆ ಕಂಡರು. ಹೀಗಿರುವಾಗ “ಊರಿಗೆ ಹೋಗಿದ್ದಾರೆ” ಎಂಬ ನಮ್ಮ ಸಮಾಧಾನ ಆ ಭ್ರಮೆಯನ್ನೇ ಬಲಪಡಿಸುತ್ತದೆ.

ಮೊದಲು ನಾವಿಬ್ಬರೂ ಬಣ್ಣ ಸಿದ್ಧಪಡಿಸಿದೆವು. ಅಕ್ಕಿ ನೆನೆಸಿ ನುಣ್ಣಗೆ ಅರೆದರೆ ಬಿಳಿ. ಅಕ್ಕಿಯನ್ನೇ ಕಪ್ಪಾಗುವಂತೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಸಗಣಿ ಸಾರಿಸಿ ಒಣಗಿದ ಬುಟ್ಟಿಗೆ ಕೆಮ್ಮಣ್ಣು ಬಳಿದೆವು. ಅಗಲಿದವರು ಬಳಸುತ್ತಿದ್ದ ಸಾಮಗ್ರಿಯೇ ಕೈಯಲ್ಲಿದ್ದರೆ ಮಾತು ತಾನಾಗಿ ಬರುತ್ತದೆ. “ಅಜ್ಜಿಯೂ ಹೀಗೇ ಅರೀತಿದ್ರಾ?” ಎಂದು ಮಗು ಕೇಳಿತು. ಆಗ ನಾನು, “ಹೌದು ಪುಟ್ಟಿ. ಅಜ್ಜಿ ಸತ್ತುಹೋದರು. ಅವರು ಇನ್ನು ಬರುವುದಿಲ್ಲ. ಊರಿಗೆ ಹೋಗಿದ್ದಾರೆ ಅಂದದ್ದು ನನ್ನ ತಪ್ಪು” ಎಂದೆ. ನನ್ನ ಕಣ್ಣು ತುಂಬಿತು. ನಾನು ಅದನ್ನು ಮರೆಮಾಡಲಿಲ್ಲ. ಮಗು ಸ್ವಲ್ಪ ಹೊತ್ತು ನೋಡಿ, ಮತ್ತೆ ಕುಂಚವನ್ನು ಬಿಳಿಯಲ್ಲಿ ಅದ್ದಿತು.

ನಾನು ಅಮ್ಮನ ರೀತಿಯಲ್ಲಿ ನೇರ ಗೆರೆಗಳನ್ನೂ ಭತ್ತದ ತೆನೆಯನ್ನೂ ಬರೆಯುತ್ತಿದ್ದೆ. ಅವಳು ತನ್ನ ಪಾಲಿನ ಜಾಗದಲ್ಲಿ ಒಂದು ಸೊಟ್ಟ ವೃತ್ತ ಬರೆದು, ಅದಕ್ಕೆ ಮೈಗಿಂತ ದೊಡ್ಡದಾದ ಒಂದು ಕೈ ಸೇರಿಸಿದಳು. ಹಸೆಯ ಅಂದ ಕೆಟ್ಟಿತೆಂದು ಕೆಮ್ಮಣ್ಣು ಬಳಿದು ಅಳಿಸಲು ಹೋದೆ. “ಅದು ಅಜ್ಜಿ. ದೋಸೆ ಕೊಡೋ ಕೈ” ಎಂದಳು. ನನ್ನ ಕೈ ಅಲ್ಲಿಗೇ ನಿಂತಿತು. ಅಮ್ಮ ಒಲೆಯ ಮುಂದೆ ಕುಳಿತು ಮೊದಲ ದೋಸೆಯನ್ನು ಅವಳತ್ತ ಚಾಚುತ್ತಿದ್ದುದನ್ನು ನಾನು ಮರೆತೇಬಿಟ್ಟಿದ್ದೆ.

ಇದರಿಂದ ನಾನು ತಿಳಿದದ್ದಿಷ್ಟು. ಮಗುವಿಗೆ ಸಾವನ್ನು ಸಾವೆಂದೇ ಸರಳವಾಗಿ ಹೇಳಬೇಕು. ಅದು ಬರೆದುದನ್ನು ತಿದ್ದಬಾರದು. ಏನು ಬರೆದೆಯೆಂದು ಕೇಳಬೇಕು. ದುಃಖದ ನಡುವೆಯೇ ಎದ್ದು ಆಟಕ್ಕೆ ಓಡಿದರೆ ತಡೆಯಬಾರದು. ಮಕ್ಕಳ ದುಃಖ ತುಣುಕು ತುಣುಕಾಗಿಯೇ ಬರುತ್ತದೆ. ಕೇಳಿದ್ದನ್ನೇ ಮತ್ತೆ ಕೇಳಿದರೆ ಹೇಳಿದ್ದನ್ನೇ ಮತ್ತೆ ಹೇಳಬೇಕು.

ಹುಣ್ಣಿಮೆಯ ಮುಂಜಾನೆ ಆ ಬುಟ್ಟಿಯೇ ಗದ್ದೆಗೆ ಹೋಯಿತು. ಅಂದು ಸಂಜೆ ಬಸ್ಸಿನ ಸದ್ದಾದಾಗ ಮಗು ದಣಪೆಗೆ ಓಡಲಿಲ್ಲ. ಬುಟ್ಟಿಯ ಬಳಿ ಕುಳಿತು ಆ ದೊಡ್ಡ ಕೈಯ ಮೇಲೆ ಬೆರಳಾಡಿಸುತ್ತಿತ್ತು. ಅಕ್ಕಿಯ ಬಿಳಿ ಬಹುಕಾಲ ನಿಲ್ಲುವಂಥದಲ್ಲ. ಮುಂದಿನ ಹಬ್ಬಕ್ಕೆ ಮತ್ತೆ ಅರೆಯಬೇಕು, ಮತ್ತೆ ಬರೆಯಬೇಕು. ಆಗ ಕುಂಚ ಹಿಡಿಯುವುದು ಹೇಗೆಂದು ನನಗೆ ತೋರಿಸಿಕೊಡುವುದಾಗಿ ಅವಳು ಈಗಲೇ ಮಾತು ಕೊಟ್ಟಿದ್ದಾಳೆ.