ಅಪ್ಪಂದಿರೂ ಬರಲಿ ಈ ಶಿಬಿರಕ್ಕೆ

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲವೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಸಮಾಧಾನ. ‘ಅವರಪ್ಪನೂ ಬಾಯಿ ಬಿಟ್ಟಿದ್ದು ಮೂರು ವರ್ಷಕ್ಕೇ’ ಎನ್ನುತ್ತಾರೆ ಅಜ್ಜಿ. ಬಜೆ ತೇದು ನಾಲಿಗೆಗೆ ಸವರುತ್ತಾರೆ, ದೇವಸ್ಥಾನಕ್ಕೆ ಗಂಟೆ ಕಟ್ಟಿಸುವ ಹರಕೆ ಹೊರುತ್ತಾರೆ. ಹೀಗೇ ತಿಂಗಳುಗಳು ಉರುಳುತ್ತವೆ. ಕೊನೆಗೆ ಯಾರೋ ಹೇಳಿ, ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ ‘ಬೆರಾ’ ಪರೀಕ್ಷೆ ಮಾಡಿಸಿದಾಗ ತೊಂದರೆ ಇರುವುದು ಕಿವಿಯಲ್ಲಿ ಎಂದು ಗೊತ್ತಾಗುತ್ತದೆ.

ಆ ಸಂಜೆ ಮನೆಯಲ್ಲಿ ನಡೆಯುವ ವಿಚಾರಣೆ ಯಾವ ವೈದ್ಯಕೀಯ ವರದಿಯಲ್ಲೂ ಇರುವುದಿಲ್ಲ. ಸೊಸೆಯ ತವರಿನಲ್ಲಿ ಯಾರಿಗಾದರೂ ಹೀಗಿತ್ತೇ? ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇ? ಹುಟ್ಟುಕಿವುಡಿಗೆ ಕಾರಣಗಳು ಹಲವು: ವಂಶವಾಹಿ, ರಕ್ತಸಂಬಂಧದ ಮದುವೆ, ಗರ್ಭಿಣಿಗೆ ತಗುಲಿದ ರುಬೆಲ್ಲಾ. ಹುಟ್ಟಿದ ಮೇಲೆ ಕಾಮಾಲೆ ವಿಪರೀತವಾಗಿಯೂ ಕಿವಿ ಹೋಗಬಹುದು. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ವಂಶವಾಹಿಯೇ ಕಾರಣವಾದಾಗಲೂ ಬಹುಪಾಲು ಅದು ತಂದೆ ತಾಯಿ ಇಬ್ಬರಿಂದಲೂ ಬಂದಿರುತ್ತದೆ. ಆದರೆ ಹೊಣೆ ಹೊರುವವಳು ತಾಯಿ ಒಬ್ಬಳೇ.

ಮೈಸೂರಿನ ಮಾನಸಗಂಗೋತ್ರಿಗೆ ಹೋದವರು ಆ ತಾಯಂದಿರನ್ನು ನೋಡಿರುತ್ತಾರೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಅಲ್ಲೇ. ಸಂಸ್ಥೆಯ ಪೂರ್ವಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಪಕ್ಕದಲ್ಲಿ ಅಮ್ಮಂದಿರೂ ಕೂತು ಕಲಿಯುತ್ತಾರೆ. ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಬಂದವರು ಬಾಡಿಗೆ ಕೋಣೆ ಹಿಡಿದು, ಗಂಡನನ್ನೂ ದೊಡ್ಡ ಮಗುವನ್ನೂ ಊರಿನಲ್ಲೇ ಬಿಟ್ಟು ಇಲ್ಲಿ ಒಲೆ ಹೂಡುತ್ತಾರೆ.

ಅವರು ಕಲಿಯುವ ಒಂದು ಪಾಠ ಹೀಗಿದೆ. ಬೆಳಿಗ್ಗೆ ಮಗುವಿಗೆ ಕಿವಿ ಮಿಷನ್ ಹಾಕಿದ ಕೂಡಲೇ ತಾಯಿ ತನ್ನ ಬಾಯಿ ಕಾಣದಂತೆ ಮರೆಮಾಡಿಕೊಂಡು ಒಂದೊಂದೇ ಸದ್ದು ಹೊರಡಿಸುತ್ತಾಳೆ: ಆ, ಈ, ಊ, ಮ್, ಶ್, ಸ್. ಮಗು ಒಂದು ಮಣಿಯನ್ನು ಕೆನ್ನೆಗೆ ಒತ್ತಿ ಹಿಡಿದು ಕಾಯುತ್ತದೆ, ಸದ್ದು ಕೇಳಿಸಿದರೆ ಮಣಿಯನ್ನು ಡಬ್ಬಿಗೆ ಹಾಕುತ್ತದೆ. ಮಾತಿನ ದಪ್ಪ ಸದ್ದಿನಿಂದ ಸಣ್ಣ ಸದ್ದಿನವರೆಗೆ ಎಲ್ಲವೂ ಈ ಆರರ ವ್ಯಾಪ್ತಿಯೊಳಗೆ ಬರುತ್ತವೆ. ನಿನ್ನೆ ‘ಸ್’ ಎಂದಾಗ ಮಣಿ ಹಾಕಿದ ಮಗು ಇವತ್ತು ಸುಮ್ಮನೆ ಕೂತರೆ ಬ್ಯಾಟರಿ ಇಳಿದಿರಬಹುದು, ಕಿವಿ ಅಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು, ಶೀತಕ್ಕೆ ಕಿವಿಯೇ ಕಟ್ಟಿರಬಹುದು. ಒಂದೆರಡು ನಿಮಿಷದ ಈ ಪರೀಕ್ಷೆ ತಪ್ಪಿದರೆ ಮಗು ಏನೂ ಕೇಳದೆ ಇಡೀ ದಿನ ಕಳೆದರೂ ಯಾರಿಗೂ ತಿಳಿಯುವುದಿಲ್ಲ.

ಮಿಷನ್ ಕಿತ್ತೆಸೆಯುವ ಮಗುವಿಗೆ ಅದನ್ನು ದಾರದಲ್ಲಿ ಕಟ್ಟಿ ಅಂಗಿಗೆ ಪಿನ್ನು ಹಾಕುವುದು, ಮಳೆಗಾಲದ ರಾತ್ರಿ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಮುಚ್ಚಿಡುವುದು, ಮಗು ಬೆಳೆದು ಅಚ್ಚು ಸಡಿಲವಾಗಿ ಕುಯ್ಯೆಂದರೆ ಹೊಸ ಅಚ್ಚಿಗೆ ಅಳತೆ ಕೊಡಿಸುವುದು — ಇಂಥವನ್ನು ತಜ್ಞರೂ ಹೇಳುತ್ತಾರೆ. ಆದರೆ ಪಕ್ಕದಲ್ಲಿ ಕೂತ ಇನ್ನೊಬ್ಬ ತಾಯಿ ಹೇಳಿದ್ದು ಹೆಚ್ಚು ನಾಟುತ್ತದೆ, ಅವಳ ಮಗು ಎದುರಿಗೇ ಮಾತಾಡುತ್ತಿರುತ್ತದಲ್ಲ!

ಕೊರತೆ ಉಳಿಯುವುದು ಮನೆಯಲ್ಲಿ. ಕಲಿತದ್ದೆಲ್ಲ ಒಬ್ಬಳ ತಲೆಯಲ್ಲಿದೆ. ಮದುವೆಮನೆಗೆ ಹೊರಟಾಗ ನೋಡಿದವರು ಏನಾದರೂ ಅಂದಾರೆಂದು ಅತ್ತೆ ಮಿಷನ್ ತೆಗೆದಿಡುತ್ತಾರೆ. ತನ್ನ ಕೆಲಸ ದುಡ್ಡು ಕಳಿಸುವುದಷ್ಟೇ ಎಂದುಕೊಂಡ ಅಪ್ಪನಿಗೆ ಮಗುವಿನ ಎದುರು ಕೂತು ಮಾತಾಡಿಸಲು ಸಂಕೋಚ. ಇದಕ್ಕೆ ಅವರನ್ನು ದೂರಿ ಫಲವಿಲ್ಲ, ಅವರನ್ನು ಯಾರೂ ಕರೆದು ಕೂರಿಸಿ ಹೇಳಿಯೇ ಇಲ್ಲ. ಹಾಗೆ ಕರೆದು ಕೂರಿಸುವುದಕ್ಕೇ ಇಡೀ ಮನೆಯವರು ಮೂರ್ನಾಲ್ಕು ದಿನ ಒಟ್ಟಿಗೆ ಇರುವ ಕುಟುಂಬ ಶಿಬಿರಗಳು ಬೇಕು.

ಈ ಯೋಚನೆ ಹೊಸದೇನೂ ಅಲ್ಲ. ಹಾಲಿವುಡ್ ನಟ ಸ್ಪೆನ್ಸರ್ ಟ್ರೇಸಿಯ ಮಗ ಜಾನ್ 1924ರಲ್ಲಿ ಹುಟ್ಟಿದ. ಅವನಿಗೆ ಕಿವಿ ಕೇಳಿಸುವುದಿಲ್ಲವೆಂದು ತಿಳಿದ ಮೇಲೆ ತಾಯಿ ಲೂಯಿಸ್ ಟ್ರೇಸಿ ತಾನೇ ಓದಿ, ಹುಡುಕಿ ಅವನಿಗೆ ಕಲಿಸಿದರು. 1942ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇನ್ನಷ್ಟು ತಾಯಂದಿರನ್ನು ಸೇರಿಸಿ ಜಾನ್ ಟ್ರೇಸಿ ಕ್ಲಿನಿಕ್ ತೆರೆದರು. ಬರಲಾಗದವರಿಗೆ ಅಂಚೆಯಲ್ಲಿ ಪಾಠ ಹೋಗುತ್ತಿತ್ತು, ಬೇಸಿಗೆಯಲ್ಲಿ ದೂರದ ಕುಟುಂಬಗಳು ಬಂದು ಕೆಲವು ವಾರ ಇದ್ದು ಕಲಿಯುತ್ತಿದ್ದವು. ಹೆತ್ತವರಿಂದ ಹಣ ಪಡೆಯುತ್ತಿರಲಿಲ್ಲ. ಮಗುವಿಗೆ ಕಲಿಸಬೇಕಾದರೆ ಮೊದಲು ಹೆತ್ತವರಿಗೆ ಧೈರ್ಯ ಬರಬೇಕು ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರ ದಾರಿ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಬಾಯಿಮಾತಿಗಷ್ಟೇ ಜಾಗವಿತ್ತು, ಸನ್ನೆ ಭಾಷೆಗೆ ಇರಲಿಲ್ಲ. ಎಲ್ಲ ಮಕ್ಕಳಿಗೂ ಮಿಷನ್ನಾಗಲಿ, ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಕೊಕ್ಲಿಯರ್ ಇಂಪ್ಲಾಂಟ್ ಆಗಲಿ ಒಂದೇ ಸಮ ಫಲ ಕೊಡುವುದಿಲ್ಲ. ಮಾತಿಗಾಗಿ ಕಾಯುತ್ತ ಮಗು ಯಾವ ಭಾಷೆಯೂ ಇಲ್ಲದೆ ನಾಲ್ಕೈದು ವರ್ಷ ಕಳೆಯುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಭಾರತೀಯ ಸನ್ನೆ ಭಾಷೆಗೆಂದೇ 2015ರಲ್ಲಿ ದೆಹಲಿಯಲ್ಲಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಬಂದಿದೆ. ಶಿಬಿರಕ್ಕೆ ಓದಿ, ಕೆಲಸ ಹಿಡಿದು, ಸಂಸಾರ ನಡೆಸುತ್ತಿರುವ ಕಿವುಡರನ್ನು ಕರೆಸಲೇಬೇಕು. ಇಂಥ ಮಕ್ಕಳಲ್ಲಿ ಬಹುತೇಕರ ಹೆತ್ತವರು ಕಿವಿ ಚೆನ್ನಾಗಿ ಕೇಳುವವರು. ಕಿವುಡರೊಬ್ಬರ ಜೊತೆ ಕೂತು ಊಟ ಮಾಡಿದ್ದು ಅವರಿಗೆ ನೆನಪಿರುವುದಿಲ್ಲ. ‘ನಮ್ಮ ಮಗು ಮುಂದೆ ಹೇಗೆ ಬದುಕುತ್ತೆ’ ಎಂಬ ಅವರ ಪ್ರಶ್ನೆಗೆ ಭಾಷಣಕ್ಕಿಂತ ಅಂಥ ಒಬ್ಬರ ಪರಿಚಯ ಚೆನ್ನಾಗಿ ಉತ್ತರ ಕೊಡುತ್ತದೆ.

ಮನೆಯ ದೊಡ್ಡ ಮಗುವಿಗೂ ಅಲ್ಲಿ ಒಂದು ಹೊತ್ತು ಮೀಸಲಿಡಬೇಕು. ಅಮ್ಮ ಮೈಸೂರಿಗೆ ಹೋದಾಗ ಊರಲ್ಲೇ ಉಳಿದ ಆ ಮಗುವನ್ನು ಯಾರೂ ವಿಚಾರಿಸಿರುವುದಿಲ್ಲ.

ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ನೆರವಿದೆ. ಆದರೆ ವಾರಂಟಿ ಮುಗಿದ ಮೇಲೆ ಹೊರಭಾಗದ ಕೇಬಲ್ಲು, ಕಾಯಿಲ್ಲು, ಬ್ಯಾಟರಿಗಳ ಖರ್ಚಿಗೆ ಕೂಲಿ ಮಾಡುವ ಮನೆಯವರು ಸೋತು ಮಿಷನ್ ಪೆಟ್ಟಿಗೆ ಸೇರುವುದುಂಟು. ಒಬ್ಬ ಅಪ್ಪ ಒಂಟಿಯಾಗಿ ಅರ್ಜಿ ಹಿಡಿದು ಅಲೆಯುವುದಕ್ಕೂ ಐವತ್ತು ಕುಟುಂಬ ಒಟ್ಟಾಗಿ ಹೋಗಿ ಕೇಳುವುದಕ್ಕೂ ವ್ಯತ್ಯಾಸವಿದೆ. ಅಂಥ ಸಂಘ ಕಟ್ಟಿಕೊಳ್ಳಲು ಮೊದಲು ಆ ಐವತ್ತು ಕುಟುಂಬಗಳು ಒಂದೆಡೆ ಸೇರಬೇಕಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಜಿಲ್ಲಾ ಕೇಂದ್ರಗಳ ವಿದ್ಯಾರ್ಥಿನಿಲಯಗಳು ಬಹುಪಾಲು ಖಾಲಿ. ಮಕ್ಕಳ ಬೆಳವಣಿಗೆಯ ತೊಂದರೆ ನೋಡಲೆಂದೇ ಜಿಲ್ಲಾಸ್ಪತ್ರೆಗಳಲ್ಲಿ ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳಿವೆ, ಮಕ್ಕಳ ಪಟ್ಟಿ ಅವರ ಕೈಯಲ್ಲೇ ಇರುತ್ತದೆ. ಆರೋಗ್ಯ ಇಲಾಖೆ, ಅಂಗವಿಕಲರ ಸಬಲೀಕರಣ ಇಲಾಖೆ ಸೇರಿ ಪ್ರತಿ ಬೇಸಿಗೆಯಲ್ಲಿ ಜಿಲ್ಲೆಗೊಂದು ಕುಟುಂಬ ಶಿಬಿರ ನಡೆಸಲಿ. ಬಸ್ ಚಾರ್ಜಿನ ಜೊತೆಗೆ ಅಪ್ಪ ಕಳೆದುಕೊಳ್ಳುವ ಅಷ್ಟು ದಿನದ ಕೂಲಿಯನ್ನೂ ಕಟ್ಟಿಕೊಡಲಿ. ಆಹ್ವಾನ ಪತ್ರದಲ್ಲಿ ತಾಯಿಯ ಹೆಸರಿನ ಜೊತೆ ಅಪ್ಪನ ಹೆಸರು, ಅಜ್ಜಿಯ ಹೆಸರು ಬರೆದೇ ಕಳಿಸಲಿ.